ರಾಣಿಗೆ ಸಣ್ಣಯ್ಯ ತೋಡಿದ ಗುಂಡಿ

ಹುಚ್ಚಮ್ಮ ಒಟ್ಟು ಇಪ್ಪತ್ತಮೂರು ದಿನ ರಾಜ್ಯವಾಳಿದಳು. ವರ್ಷಕ್ಕೆ ಒಂದೇ ದಿನ, ಅದೂ ಸಂಜೆಯ ಗಂಟೆ ಹೊಡೆಯುವವರೆಗೆ ಮಾತ್ರ. ನಾನು ಮೂವತ್ತು ವರ್ಷ ಶಾಲೆಯಲ್ಲಿ ರಾಜರ ಪಾಠ ಮಾಡಿದವಳು. ಹುಟ್ಟಿದ ಇಸವಿ, ಪಟ್ಟವೇರಿದ ಇಸವಿ, ಕಟ್ಟಿಸಿದ ಕೆರೆ, ಸತ್ತ ಇಸವಿ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ನನಗೆ ನಿಜವಾಗಿ ಪರಿಚಯವಿದ್ದ ಒಬ್ಬಳೇ ಒಬ್ಬಳು ರಾಣಿಯ ಬಗ್ಗೆ ಎಲ್ಲೂ ಪಾಠವಿಲ್ಲ. ಅವಳು ಹೋಗಿ ಒಂದೂವರೆ ತಿಂಗಳಾಯಿತು. ಬರೆಯುವವರು ಬೇರೆ ಯಾರೂ ಇಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ಹುಟ್ಟಿದ ಇಸವಿ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ. ಅವರ ಲೈನ್ ಮನೆಗಳಲ್ಲಿ ಅರ್ಧಕ್ಕರ್ಧ ಜನ ಜನವರಿ ಒಂದಕ್ಕೇ ಹುಟ್ಟಿದವರು. ಸಂಸೆಯಿಂದ ಜೀಪಿನಲ್ಲಿ ಇಪ್ಪತ್ತು ನಿಮಿಷ ಹತ್ತಿದರೆ ಬಿಳಿಗಲ್ಲು ಎಸ್ಟೇಟ್. ಗೇಟಿನ ಈಚೆ ನಮ್ಮ ಶಾಲೆ, ಆಚೆ ಕೆಲಸದವರ ಹನ್ನೆರಡು ಲೈನ್ ಮನೆಗಳು. ಹುಚ್ಚಮ್ಮ ಅಲ್ಲಿಗೆ ಮದುವೆಯಾಗಿ ಬಂದವಳು, ನಾನು ವರ್ಗವಾಗಿ ಬಂದವಳು. ಮೊದಲ ದಿನವೇ ಶಾಲೆಯ ಬೇಲಿಯಾಚೆ ನಿಂತು, "ಟೀಚರಮ್ಮ, ನಮ್ ಹುಡುಗಿಗೆ ಹೊಡೀಬೇಡಿ. ಹೊಡೆಯೋದೇ ಆದ್ರೆ ಜೋರಾಗಿ ಹೊಡೀರಿ, ಮೆಲ್ಲಗೆ ಹೊಡೆದ್ರೆ ನಗ್ತಾಳೆ" ಎಂದಿದ್ದಳು. ಆ ಹುಡುಗಿ ಭವ್ಯಾ. ಅವಳು ನಿಜವಾಗಿಯೂ ನಗುತ್ತಿದ್ದಳು.

ಆ ತೋಟದಲ್ಲಿ ಒಂದು ಪದ್ಧತಿ ಇತ್ತು. ಸುತ್ತಲಿನ ಬೇರೆ ಯಾವ ತೋಟದಲ್ಲೂ ನಾನು ಅದನ್ನು ಕಂಡಿಲ್ಲ. ಕಾಫಿ ಕೊಯ್ಲು ಮುಗಿಯುವ ದಿನ, ಕೊನೆಯ ಹಣ್ಣನ್ನು ಕಿತ್ತು ಕಣಕ್ಕೆ ತಂದ ಹೆಂಗಸು ಆ ದಿನದ ರಾಣಿ. ಧಣಿಯ ಬೆತ್ತದ ಕುರ್ಚಿಯನ್ನು ಕಣದ ನಡುವೆ ತಂದಿಡುತ್ತಾರೆ. ಬಿಳಿಯ ದೊರೆಗಳ ಕಾಲದ ಬೆಂಡಿನ ಟೋಪಿಯೊಂದಿದೆ, ಜಿರಲೆ ತಿಂದು ಅಂಚು ಹಾರಿದ್ದು, ಅದನ್ನು ರಾಣಿಯ ತಲೆಗೆ ಇಡುತ್ತಾರೆ. ರಾಣಿ ಒಂದೇ ಒಂದು ಅಪ್ಪಣೆ ಕೊಡಬಹುದು. ಧಣಿ ಅದನ್ನು ಸಂಜೆಯ ಗಂಟೆಯೊಳಗೆ ತನ್ನ ಕೈಯಾರೆ ಮಾಡಬೇಕು, ಆಳಿನಿಂದ ಮಾಡಿಸುವಂತಿಲ್ಲ. ಮಾಡದಿದ್ದರೆ ಮುಂದಿನ ಹೂಮಳೆ, ಕಾಫಿ ಹೂವರಳಿಸುವ ಬೇಸಿಗೆಯ ಮೊದಲ ಮಳೆ, ಕೈಕೊಡುತ್ತದೆ. ಕಾಫಿ ಬೆಳೆಗಾರ ದೇವರಿಗೆ ಹೆದರದಿರಬಹುದು, ಹೂಮಳೆಗೆ ಹೆದರದೆ ಇರುವುದಿಲ್ಲ.

ಕೊನೆಯ ಹಣ್ಣು ಸಿಗುವುದು ಅದೃಷ್ಟ ಎಂದು ಆಗಿನ ಧಣಿ ಚನ್ನಕೇಶವಯ್ಯನವರು ನಂಬಿದ್ದರು. ತೋಟದವರ ಬಾಯಲ್ಲಿ ಅವರು ದೊಡ್ಡಯ್ಯ. ಅದೃಷ್ಟವು ವರ್ಷ ವರ್ಷವೂ ಹುಚ್ಚಮ್ಮನನ್ನೇ ಹುಡುಕಿಕೊಂಡು ಬರುವುದರಲ್ಲಿ ಅವರಿಗೆ ಏನೂ ವಿಚಿತ್ರ ಕಾಣಲಿಲ್ಲ. ಅವಳು ಪ್ರತಿ ವರ್ಷ ಒಂದು ಗಿಡವನ್ನು ಬಚ್ಚಿಡುತ್ತಿದ್ದಳು. ಬಿದಿರುಮೆಳೆಯ ಹಿಂದಿನದೋ, ಹುತ್ತದ ಮರೆಯದೋ, ಯಾವುದಾದರೂ ಒಂದನ್ನು ಕೀಳದೆ ಬಿಟ್ಟು, ಎಲ್ಲರೂ ಚೀಲ ಕೊಡವಿ ಕಣಕ್ಕೆ ಬಂದ ಮೇಲೆ ಮಡಿಲಲ್ಲಿ ಹಣ್ಣು ತುಂಬಿಕೊಂಡು ಬಂದು, "ಅಯ್ಯೋ, ಇದೊಂದು ಉಳ್ದಿತ್ತಲ್ಲ ಮಾರಾಯ್ರೆ" ಎನ್ನುತ್ತಿದ್ದಳು. ಉಳಿದ ಹೆಂಗಸರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯ ಪಾಪಮ್ಮನಂತೂ ಆ ಗಿಡಕ್ಕೆ ಕಾವಲು ನಿಲ್ಲುತ್ತಿದ್ದಳು. ಬೇರೆಯವರು ರಾಣಿಯಾದರೆ ಸೀರೆ ಕೇಳುತ್ತಿದ್ದರು, ಕುರಿಯೂಟ ಕೇಳುತ್ತಿದ್ದರು. ಹುಚ್ಚಮ್ಮ ಕೇಳುತ್ತಿದ್ದದ್ದು ನೋಡುವಂತಿರುತ್ತಿತ್ತು.

ಪಟ್ಟಕ್ಕೆ ಬರುವ ಮುನ್ನ ಒಂದು ಸಂಜೆ ನನ್ನ ಹತ್ತಿರ ವಿಚಾರಿಸಿಕೊಂಡು ಹೋಗಿದ್ದಳು.

"ರಾಜರು ದಿನಾ ಎಂತ ಮಾಡ್ತಿದ್ರು ಟೀಚರಮ್ಮ?"

"ಯುದ್ಧ ಮಾಡ್ತಿದ್ರು. ಕೆರೆ ಕಟ್ಟಿಸ್ತಿದ್ರು, ದಾರಿ ಬದಿಗೆ ಮರ ನೆಡಿಸ್ತಿದ್ರು."

"ಕೆರೆ ತೋಡಿದೋರು ಯಾರು?"

"ಆಳುಗಳು."

"ಪುಸ್ತಕದಲ್ಲಿ ಹೆಸರು ಯಾರದ್ದು?"

"ರಾಜರದ್ದು."

"ಹಂಗಾದ್ರೆ ಅದು ಕಷ್ಟದ ಕೆಲಸ ಅಲ್ಲ ಬಿಡಿ" ಎಂದು ಎದ್ದು ಹೋದಳು.

ಮೊದಲ ವರ್ಷ ದೊಡ್ಡಯ್ಯ ಒಂದು ಚೀಲ ಹಣ್ಣನ್ನು ತಲೆಯ ಮೇಲೆ ಹೊತ್ತು ಗದ್ದೆಬದಿಯಿಂದ ಕಣಕ್ಕೆ ತರಬೇಕೆಂದು ಅಪ್ಪಣೆಯಾಯಿತು. ತಂದರು, ಮೂರು ಕಡೆ ಕೂತು. ಹೊಸ ಪಲ್ಪರ್ ಯಂತ್ರ ಬಂದ ವರ್ಷ, ಅದರ ಸದ್ದಿಗೆ ಲೈನಿನ ಕೋಳಿಗಳು ಮೊಟ್ಟೆಯಿಡುವುದನ್ನೇ ನಿಲ್ಲಿಸಿದ್ದವು. ಆ ಸಲ ರಾಣಿ, "ಪಲ್ಪರಿಗೆ ಒಂದು ದಿನ ರಜೆ. ಹಣ್ಣಿನ ಸಿಪ್ಪೆ ದೊಡ್ಡಯ್ಯ ಕೈಯಲ್ಲಿ ಸುಲೀಲಿ" ಎಂದಳು. ಅವರು ಕಣದ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಸಂಜೆಯವರೆಗೆ ಒಂದು ಮೊರದಷ್ಟು ಸುಲಿದರು. ಕಳೆ ಕತ್ತರಿಸುವ ಯಂತ್ರ ಬಂದು ಎಂಟು ಹೆಂಗಸರ ಕೆಲಸ ಹೋದ ವರ್ಷ, ಆ ಯಂತ್ರವನ್ನು ದೊಡ್ಡಯ್ಯನ ಹೆಗಲಿಗೇ ಕಟ್ಟಿಸಿದಳು. ಅದು ಅವರನ್ನೇ ಎಳೆದುಕೊಂಡು ಹೋಗಿ ಮನೆಯ ಮುಂದಿನ ಡೇರೆ ಹೂವಿನ ಸಾಲನ್ನೆಲ್ಲ ಬೋಳಿಸಿತು. ದೊಡ್ಡಯ್ಯನ ಹೆಂಡತಿ ಕೃಷ್ಣಮ್ಮ, ತೋಟದವರಿಗೆಲ್ಲ ಅಮ್ಮೋರು, ಅವರೊಡನೆ ಒಂದು ವಾರ ಮಾತಾಡಲಿಲ್ಲವಂತೆ. ಮೊಬೈಲು ಬಂದ ವರ್ಷ ಮಾತ್ರ ಅಪ್ಪಣೆ ಬೇರೆಯಾಗಿತ್ತು. ನೆಟ್‌ವರ್ಕ್ ಸಿಗುವ ಬಂಡೆಯನ್ನು ದೊಡ್ಡಯ್ಯ ಹತ್ತಬೇಕು, ಮದುವೆಯಾಗಿ ವಸ್ತಾರೆಗೆ ಹೋಗಿದ್ದ ಭವ್ಯಾಳಿಗೆ ಫೋನು ಮಾಡಿ ಅತ್ತೆ ಹೇಗೆ ನೋಡಿಕೊಳ್ಳುತ್ತಾಳೆ ಎಂದು ಕೇಳಬೇಕು. ಎಸ್ಟೇಟ್ ಧಣಿಯೇ ಖುದ್ದಾಗಿ ವಿಚಾರಿಸಿದ್ದರಿಂದ ಆ ಅತ್ತೆ ಬಹಳ ದಿನ ಒಳ್ಳೆಯವಳಾಗಿದ್ದಳು.

ರಾಣಿಯ ದಿನ ಹುಚ್ಚಮ್ಮನ ಗಂಡ ಶಿವಯ್ಯ ಕುರ್ಚಿಯ ಹಿಂದೆ ಕೊಡೆ ಹಿಡಿದು ನಿಲ್ಲಬೇಕಿತ್ತು. "ಹೆಂಡ್ತಿ ರಾಣಿ ಆದ್ರೆ ನಾನು ರಾಜ ಅಲ್ದಾ?" ಎಂದು ಒಮ್ಮೆ ಕೇಳಿದ.

"ಅಲ್ಲ. ರಾಣಿ ಗಂಡ. ಬಿಸಿಲು ಬೀಳ್ತಾ ಉಂಟು, ಕೊಡೆ ಸರಿಯಾಗಿ ಹಿಡಿ" ಎಂದಳು.

ದೊಡ್ಡಯ್ಯ ತೀರಿಕೊಂಡರು. ಮರುವರ್ಷ ಶಿವಯ್ಯನೂ ಹೋದ. ಅವನನ್ನು ಗೋಣಿಮರದ ದಿಬ್ಬದ ಮೇಲೆ ಹೂತರು. ಲೈನಿನವರು ಸತ್ತರೆ ಹೂಳುತ್ತಿದ್ದದ್ದು ಅಲ್ಲೇ. ಕಲ್ಲು ನೆಟ್ಟಿಲ್ಲ, ಹೆಸರು ಬರೆದಿಲ್ಲ, ಹುಲ್ಲು ಬೆಳೆದ ಇಳಿಜಾರು ಅಷ್ಟೆ. ಆದರೆ ಅಲ್ಲಿ ನಿಂತರೆ ಕುದುರೆಮುಖದ ಸಾಲು ಈ ಕೊನೆಯಿಂದ ಆ ಕೊನೆಯವರೆಗೆ ಕಾಣುತ್ತದೆ. "ಬದುಕಿದ್ದಾಗ ತಲೆ ಎತ್ತಿ ನೋಡೋಕೆ ಪುರ್ಸೊತ್ತಿರ್ಲಿಲ್ಲ, ಈಗ ಮಲಕ್ಕೊಂಡು ನೋಡ್ಲಿ" ಎನ್ನುತ್ತಿದ್ದಳು.

ಆ ನೋಟವೇ ತೊಂದರೆ ತಂದಿತು.

ದೊಡ್ಡಯ್ಯನ ಮಗ ಹರ್ಷವರ್ಧನ, ಎಲ್ಲರ ಸಣ್ಣಯ್ಯ, ಕೆಟ್ಟವನಲ್ಲ. ಅಪ್ಪನಿಗಿಂತ ಬೇಗ ನಡೆಯುವವನು. ಬಂದ ಐದು ವರ್ಷದಲ್ಲಿ ತೋಟದ ರೂಪವೇ ಬದಲಾಯಿತು. ಬಿಸಿಗಾಳಿಯ ಡ್ರೈಯರ್ ಬಂತು, ಮದ್ದು ಹೊಡೆಯಲು ಡ್ರೋನ್ ಬಂತು, ಕೊಯ್ಲಿಗೆ ಅಸ್ಸಾಮಿನ ಕುಟುಂಬಗಳು ಬಂದವು. ಹಳೆಯ ಗೋದಾಮು ಹೋಂಸ್ಟೇ ಆಯಿತು. ಲೈನಿನ ಪ್ರಶಾಂತ್, ನಾನು ಮಗ್ಗಿ ಕಲಿಸಿದವನು, ಅತಿಥಿಗಳಿಗೆ ಕಾಫಿ ಗಿಡ ತೋರಿಸುವ ಕೆಲಸಕ್ಕೆ ಸೇರಿದ. ಅವನ ತಾಯಿ ಗಿಡ ತೋರಿಸುವುದೂ ಒಂದು ಕೆಲಸವೇ ಎಂದು ತುಂಬ ದಿನ ನಂಬಲಿಲ್ಲ. ಆರು ವರ್ಷದ ಹಿಂದಿನ ಜನವರಿಯಲ್ಲಿ ಸಣ್ಣಯ್ಯ ಎಲ್ಲರನ್ನೂ ಕರೆದು, ಗೋಣಿಮರದ ದಿಬ್ಬವನ್ನು ಸಮಮಾಡಿ ಗಾಜಿನ ಕಟ್ಟೆ ಕಟ್ಟಿಸುತ್ತೇನೆ, ವ್ಯೂ ಪಾಯಿಂಟ್ ಆಗುತ್ತದೆ, ಕೊಯ್ಲು ಮುಗಿದ ಕೂಡಲೇ ಜೆಸಿಬಿ ಬರುತ್ತದೆ ಎಂದ.

ಹುಚ್ಚಮ್ಮ ಮರುದಿನವೇ ಬಂಗಲೆಗೆ ಹೋದಳು. ನಾನೂ ಜೊತೆಗಿದ್ದೆ.

"ಸಣ್ಣಯ್ಯ, ಅಲ್ಲಿ ನಮ್ಮೋರು ಮಲ್ಗಿದಾರೆ."

"ಗೊತ್ತು ಹುಚ್ಚಮ್ಮ. ಆದ್ರೆ ಅಲ್ಲಿ ಒಂದು ಕಲ್ಲೂ ಇಲ್ಲ. ಯಾರು ಎಲ್ಲಿದಾರೆ ಅಂತ ನಿಮಗಾದ್ರೂ ಗೊತ್ತಾ?"

"ಮರದಿಂದ ಮೂರು ಹೆಜ್ಜೆಗೆ ನಮ್ಮತ್ತೆ. ಅಲ್ಲಿಂದ ಐದು ಹೆಜ್ಜೆ ಬಿಟ್ಟು ಶಿವಯ್ಯ. ಹತ್ರ ಮಲ್ಗಿಸ್ಬೇಡಿ ಅಂತ ನಾನೇ ಹೇಳಿದ್ದು. ಇಬ್ರೂ ಸೇರಿ ನನ್ ಮೇಲೆ ಚಾಡಿ ಹೇಳ್ಕೊಳ್ತಾರೆ."

ಸಣ್ಣಯ್ಯನಿಗೆ ನಗು ಬಂತು. ಆದರೂ, "ಇನ್ಮುಂದೆ ಪಂಚಾಯ್ತಿ ಸ್ಮಶಾನ ಇದೆಯಲ್ಲ, ಕಳಸದ ಹತ್ರ. ಜೀಪು ನಾನೇ ಕೊಡ್ತೀನಿ" ಎಂದ.

ವಾಪಸು ಬರುವಾಗ ಹುಚ್ಚಮ್ಮ ಗೇಟಿನ ಹತ್ತಿರ ನಿಂತು, "ಈ ವರ್ಷ ಕೊನೆ ಹಣ್ಣು ಎಲ್ಲಿ ಕೊಯ್ತಾರೆ ಟೀಚರಮ್ಮ?" ಎಂದು ಕೇಳಿದಳು.

ಅದರಲ್ಲೂ ತೊಡಕಿತ್ತು. ಆ ವರ್ಷ ಕೊನೆಯ ತಾಕನ್ನು ಯಂತ್ರದಿಂದ ಕೊಯ್ಯಿಸಲು ಸಣ್ಣಯ್ಯ ಗೊತ್ತುಮಾಡಿದ್ದ. ಬ್ಯಾಟರಿಯಿಂದ ನಡುಗುವ ಬೆರಳುಗಳಿರುವ ಉದ್ದನೆಯ ಕೋಲು, ಕೊಂಬೆಗೆ ತಾಗಿಸಿದರೆ ಹಣ್ಣೆಲ್ಲ ಬಲೆಯ ಮೇಲೆ ಉದುರುತ್ತದೆ. ಗುತ್ತಿಗೆದಾರ ನಂದನ್ ಅಂಥ ಆರು ಕೋಲು, ಆರು ಜನರನ್ನು ತಂದ. ಕೊಯ್ಲಿನ ಕೊನೆಯ ದಿನ ಬೆಳಿಗ್ಗೆ ಕಣದಲ್ಲಿ ಪಾಪಮ್ಮ ಅವನನ್ನು ತಡೆದಳು.

"ಕೊನೆ ಹಣ್ಣು ನಿಮ್ ಮಿಷನ್ ಕಿತ್ರೆ ಟೋಪಿ ಅದಕ್ಕೇ ಹಾಕೋದಾ?"

"ಅದಕ್ಕೆ ತಲೆ ಎಲ್ಲಿದೆ ಅಮ್ಮ?"

"ಹಂಗಾದ್ರೆ ನಿಮ್ಗೇ ಹಾಕ್ತೀವಿ. ಸೀರೆ ಉಟ್ಕೊಂಡ್ ಬನ್ನಿ."

ಹನ್ನೊಂದು ಗಂಟೆಗೆ ಯಂತ್ರಗಳು ನಿಂತವು. ಬಲೆ ಸುತ್ತಿದರು. ಸಣ್ಣಯ್ಯ ಗಡಿಯಾರ ನೋಡಿ, ಎರಡು ದಿನದ ಕೆಲಸ ಅರ್ಧ ದಿನದಲ್ಲಿ ಆಯಿತೆಂದು ನಂದನ್‌ನ ಬೆನ್ನು ತಟ್ಟಿದ. ಆಗ ಹಳ್ಳದ ಕಡೆಯಿಂದ ಹುಚ್ಚಮ್ಮ ಬಂದಳು, ಮಡಿಲ ತುಂಬ ಕೆಂಪು ಹಣ್ಣು.

"ಇದ್ಯಾವ ಗಿಡದ್ದು?" ಎಂದ ಸಣ್ಣಯ್ಯ.

"ನಿಮ್ದೇ ಗಿಡ. ಹಳ್ಳದಾಚೆ ಬಂಡೆ ಸಂದೀಲಿ ಒಂದು ಉಳ್ದಿತ್ತು. ಪಾಪ, ಮಿಷನ್ನಿಗೆ ಕಣ್ಣು ಸಾಲ್ದು."

"ನಾನು ಬೆಳಿಗ್ಗೆ ಅಲ್ಲಿ ನೋಡಿದೀನಿ" ಎಂದ ನಂದನ್. "ಬರೀ ಸೊಪ್ಪಿನ ರಾಶಿ ಇತ್ತು."

"ಗಿಡಕ್ಕೆ ಚಳಿ ಆಗುತ್ತೆ ಅಂತ ಯಾರೋ ಹೊದಿಸಿರ್ಬೇಕು" ಎಂದಳು ಪಾಪಮ್ಮ.

ಸಣ್ಣಯ್ಯ ಇದೆಲ್ಲ ನಡೆಯುವುದಿಲ್ಲ ಎನ್ನುವಷ್ಟರಲ್ಲಿ ಜಗಲಿಯಿಂದ ಅಮ್ಮೋರು, "ಹರ್ಷ, ಕುರ್ಚಿ ತರ್ಸು. ಹೂಮಳೆ ವಿಷ್ಯದಲ್ಲಿ ಹುಡುಗಾಟ ಬೇಡ" ಎಂದರು. ಕುರ್ಚಿ ಬಂತು. ಟೋಪಿ ಬಂತು. ಶಿವಯ್ಯ ಇಲ್ಲದ್ದರಿಂದ ಕೊಡೆಯನ್ನು ಪಾಪಮ್ಮ ಹಿಡಿದಳು. ರಾಣಿ ಟೋಪಿಯನ್ನು ಸರಿಮಾಡಿಕೊಂಡು ಅಪ್ಪಣೆ ಕೊಟ್ಟಳು.

"ಗೋಣಿಮರದ ದಿಬ್ಬದ ಮೇಲೆ ಒಂದು ಗುಂಡಿ ತೋಡಿ. ಆರಡಿ ಉದ್ದ, ಮೂರಡಿ ಅಗಲ. ನೀವೇ ತೋಡ್ಬೇಕು."

"ಎಂತಕ್ಕೆ?"

"ರಾಣಿನ ಎಂತಕ್ಕೆ ಅಂತ ಕೇಳಂಗಿಲ್ಲ."

ಸಣ್ಣಯ್ಯ ಅದನ್ನು ಮಳೆನೀರು ಇಂಗಿಸುವ ಗುಂಡಿ ಎಂದುಕೊಂಡ. ಹೇಗೂ ಜೆಸಿಬಿ ಬಂದರೆ ಎಲ್ಲ ಸಮವಾಗುತ್ತದೆ ಎಂಬ ಧೈರ್ಯ ಬೇರೆ. ಶರ್ಟು ಬಿಚ್ಚಿಟ್ಟು ಹಾರೆ ಹಿಡಿದ. ಕುರ್ಚಿ ದಿಬ್ಬಕ್ಕೆ ಹೋಯಿತು, ರಾಣಿ ಹೋದಳು, ನಾವೆಲ್ಲ ಹೋದೆವು. ಹನ್ನೆರಡರಿಂದ ನಾಲ್ಕೂವರೆವರೆಗೆ ತೋಡಿದ. ನಡುನಡುವೆ ರಾಣಿಯ ಮೇಲ್ವಿಚಾರಣೆ.

"ಹಾರೆ ಹಂಗೆ ಹಿಡಿದ್ರೆ ಬೆನ್ನು ಹೋಗುತ್ತೆ ಸಣ್ಣಯ್ಯ. ನಿಮ್ಮಪ್ಪನೂ ಹಂಗೇ."

"ಕಾಲೇಜಲ್ಲಿ ಇದು ಹೇಳ್ಕೊಡ್ಲಿಲ್ವಾ?"

"ಮೂಲೆ ಚೌಕ ಬರ್ಲಿ. ಟೀಚರಮ್ಮ ನೋಡ್ತಾ ಇದಾರೆ."

ಪಾಪಮ್ಮ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಳು. ಅಂಗೈಯ ಬೊಬ್ಬೆಗಳು ಒಡೆದು, ಗುಂಡಿ ಸೊಂಟದ ಆಳಕ್ಕೆ ಇಳಿದಾಗ ರಾಣಿ, "ಸಾಕು. ಉಳಿದಿದ್ದು ನಾನು ಅಡ್ಜಸ್ಟ್ ಮಾಡ್ಕೊಳ್ತೀನಿ" ಎಂದಳು. ಟೋಪಿಯನ್ನು ಕುರ್ಚಿಯ ಮೇಲಿಟ್ಟು, ಪಾಪಮ್ಮನ ಕೈ ಹಿಡಿದು ಗುಂಡಿಗಿಳಿದು, ಅದರಲ್ಲಿ ಅಂಗಾತ ಮಲಗಿದಳು. ಕೈಯನ್ನು ಎದೆಯ ಮೇಲಿಟ್ಟುಕೊಂಡು, ಒಮ್ಮೆ ಆಚೆ ಒಮ್ಮೆ ಈಚೆ ಸರಿದು ನೋಡಿದಳು.

"ಕಾಲಿನ ಹತ್ರ ಒಂದ್ ಗೇಣು ಜಾಸ್ತಿನೇ ಉಂಟು. ಒಳ್ಳೇದಾಯ್ತು."

"ಹುಚ್ಚಮ್ಮ, ಎಂತದು ಇದು?"

"ನನ್ ಮನೆ."

ಸಣ್ಣಯ್ಯ ಬೆವರು ಒರೆಸಿಕೊಂಡು ನಕ್ಕ. "ಸರಿ, ಗೆದ್ರಿ. ನಾಳೆ ಮುಚ್ಚಿಸ್ತೀನಿ."

ಯಾರೂ ನಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಪಾಪಮ್ಮ, "ಹೆಣಕ್ಕೆ ಅಂತ ತೋಡಿದ್ ಗುಂಡಿ ಖಾಲಿ ಮುಚ್ಬಾರ್ದು ಸಣ್ಣಯ್ಯ. ಮುಚ್ಚಿದ್ರೆ ಅದು ತೋಡಿದೋರನ್ನೇ ಕೇಳುತ್ತೆ" ಎಂದಳು. ಆಗ ಅವನಿಗೆ ತಾನೇ ತೋಡಬೇಕೆಂದು ಯಾಕೆ ಹೇಳಿದ್ದು ಎನ್ನುವುದು ಹೊಳೆಯಿತು. ಅವನು ಇದನ್ನೆಲ್ಲ ನಂಬುವವನಲ್ಲ. ಆದರೆ ಸುದ್ದಿ ಅವನಿಗಿಂತ ಮೊದಲು ಬಂಗಲೆ ಮುಟ್ಟಿತ್ತು. ಅಮ್ಮೋರು ಚಪ್ಪಲಿಯೂ ಇಲ್ಲದೆ ದಿಬ್ಬ ಹತ್ತಿ ಬಂದು ಗುಂಡಿಯ ಅಂಚಿನಲ್ಲಿ ನಿಂತು, "ಇದಕ್ಕೆ ಒಂದು ಹಿಡಿ ಮಣ್ಣು ಹಾಕಿದ್ರೂ ನಾನು ಅನ್ನ ಮುಟ್ಟಲ್ಲ" ಎಂದರು. ಅಷ್ಟರಲ್ಲಿ ಸಂಜೆಯ ಗಂಟೆ ಹೊಡೆಯಿತು.

ಜೆಸಿಬಿ ಬರಲಿಲ್ಲ. ಬಾಯ್ತೆರೆದ ಗುಂಡಿಯ ಪಕ್ಕ ಗಾಜಿನ ಕಟ್ಟೆ ಕಟ್ಟುವುದು ಹೇಗೆ? ಮುಚ್ಚಬೇಕಾದರೆ ಹುಚ್ಚಮ್ಮ ಸಾಯಬೇಕು. ಹುಚ್ಚಮ್ಮನಿಗೆ ಅಂಥ ಅವಸರವೇನೂ ಇರಲಿಲ್ಲ.

ಮರುವರ್ಷದಿಂದ ಇಡೀ ಕೊಯ್ಲು ಯಂತ್ರಕ್ಕೂ ಅಸ್ಸಾಮಿನವರಿಗೂ ಹೋಯಿತು. ಟೋಪಿಯನ್ನು ಹೋಂಸ್ಟೇ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಹೊಸ ಅಪ್ಪಣೆಯ ಭಯಕ್ಕೆ ಅಮ್ಮೋರೂ ಹೂಮಳೆಯ ಮಾತೆತ್ತಲಿಲ್ಲ, ರಾಣಿ ಪದ್ಧತಿ ಅಲ್ಲಿಗೆ ಮುಗಿಯಿತು. ಆದರೆ ಹುಚ್ಚಮ್ಮನ ನಿಜವಾದ ಆಳ್ವಿಕೆ ಶುರುವಾದದ್ದು ಆಮೇಲೆ. ಗುಂಡಿಗೆ ಸೇರಬೇಕಾದವಳು ಬೇರೆಲ್ಲೋ ಹೋಗಿ ಸತ್ತರೆ ಗುಂಡಿ ಖಾಲಿ ಉಳಿಯುತ್ತದೆ, ಆಮೇಲೆ ಅದು ಮಗನನ್ನೇ ಕೇಳುತ್ತದೆ ಎಂಬ ಭಯ ಅಮ್ಮೋರಿಗೆ ಹಿಡಿಯಿತು. ಮಳೆ ಬೀಳದಂತೆ ಗುಂಡಿಗೆ ತಗಡಿನ ಮಾಡು ಹಾಕಿಸಿದರು. ಹುಚ್ಚಮ್ಮ ಹೊರನಾಡಿಗೆ ಹೋಗಬೇಕೆಂದರೆ ಬಂಗಲೆಯ ಜೀಪು ಬರುತ್ತಿತ್ತು, ಜೊತೆಗೆ ಅಮ್ಮೋರೂ ಹತ್ತುತ್ತಿದ್ದರು, ಸಂಜೆಯೊಳಗೆ ವಾಪಸು ಕರೆತರುತ್ತಿದ್ದರು. ಲೈನಿನ ಮಾಡು ಸೋರುತ್ತಿದೆ ಎಂದು ಹತ್ತು ವರ್ಷ ಹೇಳಿದರೂ ಆಗದ ಕೆಲಸ, "ಈ ಸೋನೆಗೆ ನಾನು ಮಗಳ ಮನೆಗೇ ಹೋಗಿಬಿಡ್ತೀನಿ" ಎಂದ ಮೂರನೆಯ ದಿನಕ್ಕೆ ಆಯಿತು. ಹನ್ನೆರಡು ಮನೆಗೂ ಹೆಂಚು ಬದಲಾಯಿತು, ಒಂದು ಮನೆಗೆ ಮಾತ್ರ ಮಾಡಿದರೆ ತಾನು ಇರುವುದಿಲ್ಲ ಎಂದಿದ್ದಳಲ್ಲ.

"ಅಮ್ಮೋರು ದಿನಾ ಬಂದು ಹುಷಾರಾಗಿದ್ದೀಯಾ ಅಂತ ಕೇಳ್ತಾರೆ" ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದಳು. "ಹೌದು ಅನ್ಬೇಕೋ ಇಲ್ಲ ಅನ್ಬೇಕೋ ನಂಗೆ ಗೊತ್ತಾಗಲ್ಲ. ಯಾವುದು ಬೇಕು ಅಂತ ಅವ್ರಿಗೂ ಗೊತ್ತಿಲ್ಲ ಟೀಚರಮ್ಮ."

ಅತಿಥಿಗಳು ತಗಡಿನ ಮಾಡು ಕಂಡು ಅದೇನೆಂದು ಕೇಳಿದರೆ ಪ್ರಶಾಂತ್, ಹಳೆಯ ಪದ್ಧತಿಯ ನೀರಿನ ಗುಂಡಿ ಎನ್ನುತ್ತಿದ್ದ. ಒಮ್ಮೆ ಹುಚ್ಚಮ್ಮ ಅದೇ ಹೊತ್ತಿಗೆ ಅಲ್ಲಿ ಕಪ್ಪೆ ಓಡಿಸುತ್ತಿದ್ದಳು. ಬೆಂಗಳೂರಿನ ಒಬ್ಬಾಕೆ ಅವಳ ಜೊತೆ ಫೋಟೋ ತೆಗೆಸಿಕೊಂಡು, ಇಲ್ಲಿ ನಿಮ್ಮ ಕೆಲಸವೇನು ಎಂದು ಕೇಳಿದಳು. "ಮನೆ ಕ್ಲೀನ್ ಮಾಡ್ತಾ ಇದ್ದೆ" ಎಂದಳಂತೆ.

ಗುಂಡಿ ಕೇಳುತ್ತದೆ ಎನ್ನುವುದನ್ನು ನೀವು ನಿಜವಾಗಿ ನಂಬುತ್ತೀರಾ ಎಂದು ನಾನು ಒಂದು ಸಲ ಕೇಳಿದ್ದೆ. "ಅಮ್ಮೋರು ನಂಬ್ತಾರಲ್ಲ" ಎಂದಷ್ಟೇ ಹೇಳಿದಳು.

ಕಳೆದ ಚಳಿಗಾಲದಲ್ಲಿ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತವಳು ತಮಾಷೆ ಬಿಟ್ಟು ಮಾತಾಡಿದಳು. "ಒಂದು ತಪ್ಪಾಗಿದೆ ಟೀಚರಮ್ಮ. ನಾನು ಬದ್ಕಿರೋ ತನಕ ದಿಬ್ಬ ಉಳಿಯುತ್ತೆ. ನಾನು ಹೋಗಿ ಗುಂಡಿ ತುಂಬಿತು ಅಂದ್ರೆ ಅಮ್ಮೋರ ಹೆದ್ರಿಕೆ ಮುಗೀತು. ಮಾರನೇ ದಿನ ಜೆಸಿಬಿ. ಶಿವಯ್ಯ, ಅತ್ತೆ, ಪಾಪಮ್ಮನ ಮಗು, ಎಲ್ಲಾ ಗಾಜಿನ ಕೆಳಗೆ."

ನಾನು ಕಲಿಸಿದ ರಾಜರೆಲ್ಲ ಸತ್ತ ಮೇಲೆ ಏನಾಯಿತು ಎಂದು ಅವಳು ಕೇಳಿದಳು. ರಾಜ್ಯ ಹೋಯಿತು ಎಂದೆ. "ಅವ್ರೆಲ್ಲ ಸಾಯೋ ಮುಂಚೆ ಯೋಚ್ನೆ ಮಾಡ್ಲಿಲ್ಲ" ಎಂದಳು.

ಮೇ ತಿಂಗಳಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದರು. ಒಂಬತ್ತನೆಯ ದಿನ ಬಿಟ್ಟರು, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅದರ ಅರ್ಥ ಅವಳಿಗೂ ತಿಳಿದಿತ್ತು. ಅವಳು ತೋಟಕ್ಕೆ ಬರಲಿಲ್ಲ. ನೇರ ವಸ್ತಾರೆಗೆ, ಭವ್ಯಾಳ ಮನೆಗೆ ಹೋದಳು. ಅಲ್ಲಿಂದ ಪಾಪಮ್ಮನಿಗೆ ಫೋನು ಮಾಡಿ, ಇನ್ನು ಇಲ್ಲೇ ಇರುತ್ತೇನೆ, ಇಲ್ಲೇ ಮಣ್ಣು ಮಾಡಲು ಹೇಳಿದ್ದೇನೆ, ಇದನ್ನು ಬಂಗಲೆಗೆ ಕೇಳುವಷ್ಟು ಗಟ್ಟಿಯಾಗಿ ಲೈನಿನಲ್ಲಿ ಹೇಳು ಎಂದಳು. ಪಾಪಮ್ಮನಿಗೆ ಗಟ್ಟಿಯಾಗಿ ಹೇಳುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಸಣ್ಣಯ್ಯನ ಕಾರು ನಮ್ಮ ಮನೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮೋರು. "ನಿಮ್ಮ ಮಾತು ಕೇಳ್ತಾಳೆ, ನೀವೂ ಬನ್ನಿ" ಎಂದರು. ಹೋದೆ.

ಹುಚ್ಚಮ್ಮ ಕಿಟಕಿಯ ಪಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಳು. ಅರ್ಧಕ್ಕಿಂತ ಹೆಚ್ಚು ಇಳಿದುಹೋಗಿದ್ದಳು. ಕಣ್ಣು ಮಾತ್ರ ಮೊದಲಿನಂತೆಯೇ ಇತ್ತು.

"ಮನೆಗೆ ಹೋಗುವ ಬಾ ಹುಚ್ಚಮ್ಮ" ಎಂದರು ಅಮ್ಮೋರು.

"ಯಾವ ಮನೆಗೆ ಅಮ್ಮೋರೆ? ಲೈನ್ ಮನೆಗಾ, ಸಣ್ಣಯ್ಯ ತೋಡಿದ ಮನೆಗಾ?"

"ಹಂಗೆಲ್ಲ ಮಾತಾಡ್ಬೇಡ ಮಾರಾಯ್ತಿ."

"ಇಲ್ಲೂ ಒಳ್ಳೆ ಜಾಗ ಉಂಟಂತೆ. ನೆರಳು, ಸಮತಟ್ಟು. ಇಲ್ಲಿ ಯಾರೂ ಗಾಜಿನ ಕಟ್ಟೆ ಕಟ್ಟಲ್ವಂತೆ."

ಅಮ್ಮೋರು ಮಗನ ಮುಖ ನೋಡಿದರು. ಮಗ ನೆಲ ನೋಡಿದ. "ಏನು ಬೇಕು ಹೇಳಿ ಹುಚ್ಚಮ್ಮ" ಎಂದ.

"ದಿಬ್ಬ. ನಂಗಲ್ಲ, ನಂಗೆ ನೀವು ಆಗ್ಲೇ ಕೊಟ್ಟಿದೀರಿ. ಮರದಿಂದ ಹಳ್ಳದ ಬೇಲಿ ತನಕ, ಹನ್ನೆರಡು ಮನೆಯೋರಿಗೂ. ಬರ್ದು ಪಂಚಾಯ್ತಿಗೆ ಕೊಡಿ."

"ವಕೀಲ್ರ ಹತ್ರ ಒಂದ್ಸಲ ಕೇಳಿ…"

"ಕೇಳಿ, ಕೇಳಿ. ವಕೀಲ್ರು ಬರೋ ತನಕ ನಾನು ಇರ್ಬೇಕಲ್ಲ." ಮಾತು ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಅದು ನಿಜವಾದ ಕೆಮ್ಮು. ಆದರೂ ಒಂದು ಕಣ್ಣು ತೆರೆದು ಅಮ್ಮೋರನ್ನು ನೋಡಿದ್ದನ್ನು ನಾನು ಕಂಡೆ.

"ಬರ್ಕೊಡೋ ಹರ್ಷ!" ಎಂದು ಅಮ್ಮೋರು ಕೂಗಿಯೇಬಿಟ್ಟರು.

ದಿಬ್ಬವನ್ನು ಸ್ಮಶಾನಕ್ಕೆ ಬಿಟ್ಟುಕೊಡುವ ಅರ್ಜಿಯನ್ನು ನಾನು ಬರೆದೆ. ಗಡಿಗಳನ್ನು ಹುಚ್ಚಮ್ಮ ಹೆಜ್ಜೆ ಲೆಕ್ಕದಲ್ಲಿ ಹೇಳಿದಳು. ಸಣ್ಣಯ್ಯ ಎರಡು ಸಲ ಓದಿ ಪೆನ್ನು ತೆಗೆದ.

"ಸೈನು ಬೇಡ. ಹೆಬ್ಬೆಟ್ಟು ಒತ್ತಿ."

"ಎಂತಕ್ಕೆ?"

"ನಲವತ್ತು ವರ್ಷ ನಾವು ನಿಮ್ಮನೆ ಕೂಲಿ ಪುಸ್ತಕದಲ್ಲಿ ಓದ್ದೇನೇ ಒತ್ತಿದೀವಿ. ನೀವು ಓದಿ ಒತ್ತಿ, ಪರ್ವಾಗಿಲ್ಲ."

ಶಾಯಿ ಇರಲಿಲ್ಲ. ಭವ್ಯಾ ಕಾಡಿಗೆ ಡಬ್ಬಿ ತಂದಳು, ಬಾಯಿಗೆ ಸೆರಗು ಒತ್ತಿಕೊಂಡು. ಅಮ್ಮನಿಗೆ ಅಷ್ಟು ಹುಷಾರಿಲ್ಲದ ಹೊತ್ತಿನಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಎಂಬಿಎ ಓದಿದ ಹರ್ಷವರ್ಧನ ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿ ಸಹಿಯನ್ನೂ ಹಾಕಿದ. ಬೆರಳು ಒರೆಸಿಕೊಳ್ಳುತ್ತ, "ಒಂದು ಮಾತು ಕೇಳ್ಲಾ? ಇಷ್ಟೆಲ್ಲ ಆಟ ಯಾಕೆ? ನೇರ ಬಂದು ಹೇಳಿದ್ರೆ ನಾನು ಕೊಡ್ತಿರ್ಲಿಲ್ವಾ?" ಎಂದ.

"ಹೇಳಿದ್ದೆನಲ್ಲ ಸಣ್ಣಯ್ಯ" ಎಂದಳು ಹುಚ್ಚಮ್ಮ. "ನೀವು ಜೀಪು ಕೊಡ್ತೀನಿ ಅಂದ್ರಿ."

ಸಣ್ಣಯ್ಯ ಅವಳನ್ನು ತಾನೇ ಎತ್ತಿಕೊಂಡು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ. ದಾರಿಯುದ್ದಕ್ಕೂ ಅವಳು ಕಿಟಕಿ ಇಳಿಸಿಕೊಂಡು ಪಕ್ಕದ ತೋಟಗಳಲ್ಲಿ ಎಲ್ಲೆಲ್ಲಿ ಕಳೆ ಬೆಳೆದಿದೆ ಎಂದು ಹೇಳುತ್ತಿದ್ದಳು. ನಾನು ಹಿಂದೆ ಕೂತು ಅವಳ ಜಡೆಯನ್ನೇ ನೋಡುತ್ತಿದ್ದೆ. ಬೆರಳಿನಷ್ಟು ತೆಳ್ಳಗಾಗಿತ್ತು.

ಅರ್ಜಿ ಆ ವಾರವೇ ಪಂಚಾಯ್ತಿಗೆ ಹೋಯಿತು. ಅವರು ಮೊಹರು ಒತ್ತಿ ಕೊಟ್ಟ ಪ್ರತಿಯನ್ನು ಅವಳಿಗೆ ತೋರಿಸಿದೆ. ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿ, ಹೆಬ್ಬೆಟ್ಟಿನ ಗುರುತು ನಕಲಿನಲ್ಲಿ ಚೆನ್ನಾಗಿ ಬಂದಿಲ್ಲ ಎಂದು ತಕರಾರು ಮಾಡಿದಳು. ತೋಟಕ್ಕೆ ವಾಪಸು ಬಂದ ಹನ್ನೊಂದನೆಯ ದಿನ ಬೆಳಿಗ್ಗೆ ಹೋದಳು. ಪಾಪಮ್ಮ ಹತ್ತಿರ ಇದ್ದಳು. ನಾನು ಕಳಸಕ್ಕೆ ಔಷಧಿ ತರಲು ಹೋಗಿದ್ದೆ. ಬಸ್ಸು ಒಂದು ಗಂಟೆ ತಡವಾಯಿತು. ಆ ಒಂದು ಗಂಟೆಯ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಮಳೆ ಹಿಡಿದಿತ್ತು. ತಗಡಿನ ಮಾಡಿದ್ದರೂ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆಳುಗಳು ಇಳಿಯಲು ಹೋದರೆ ಸಣ್ಣಯ್ಯ ತಡೆದು ತಾನೇ ಬಕೆಟ್ ಹಿಡಿದು ಇಳಿದ, ನೀರೆಲ್ಲ ಎತ್ತಿ ಹೊರಚೆಲ್ಲಿದ, ಕುಸಿದಿದ್ದ ಮೂಲೆಯನ್ನು ಗುದ್ದಲಿಯಿಂದ ನೇರ ಮಾಡಿದ. ಹುಚ್ಚಮ್ಮನನ್ನು ಮಲಗಿಸಿ ಮಣ್ಣು ಹಾಕಿದೆವು. ಕೊನೆಯ ಗುದ್ದಲಿ ಮಣ್ಣು ಬೀಳುವವರೆಗೂ ಅಮ್ಮೋರು ಕೊಡೆಯಡಿ ಅಲುಗದೆ ನಿಂತಿದ್ದರು. ಬಿದ್ದ ಮೇಲೆ ಜೋರಾಗಿ ಉಸಿರು ಬಿಟ್ಟು, ಮರುಗಳಿಗೆಯೇ ಅಳಲು ಶುರುಮಾಡಿದರು. ಆರು ವರ್ಷ ದಿನಾ ಅವಳನ್ನು ಮಾತಾಡಿಸಿ ಅವರಿಗೂ ಅಭ್ಯಾಸವಾಗಿತ್ತು.

ಜನ ಇಳಿಯತೊಡಗಿದರು. ಪಾಪಮ್ಮ ಮಾತ್ರ ದಿಬ್ಬದ ಆಚೆ ಬದಿಗೆ ಹೋಗಿ, ಮಳೆಯಲ್ಲೇ ಅತ್ತಿತ್ತ ನಡೆದು ಜಾಗ ನೋಡುತ್ತಿದ್ದಳು.

"ಧಣಿ, ನಂಗೆ ಈ ಕಡೆ ಸಾಕು. ಬೆಳಿಗ್ಗೆ ಬಿಸಿಲು ಬರುತ್ತೆ" ಎಂದು ಕೂಗಿದಳು.

ಮೈಯೆಲ್ಲ ಕೆಸರಾಗಿದ್ದ ಸಣ್ಣಯ್ಯ ಸೊಂಟ ನೆಟ್ಟಗೆ ಮಾಡಿಕೊಂಡು, "ಅವಸರ ಮಾಡ್ಬೇಡಿ ಪಾಪಮ್ಮ. ನನ್ ಕೈಲಿ ಇನ್ನೊಂದು ತೋಡೋಕಾಗಲ್ಲ" ಎಂದ.

"ನೀವ್ಯಾಕೆ ತೋಡ್ತೀರಿ?" ಎಂದಳು ಪಾಪಮ್ಮ. "ನಾನೇನು ರಾಣಿಯಾ?"